ಪಾಡ್ಯದ ಊಟ

ನಮ್ಮ ಮನೆಯಲ್ಲಿ ಹೊರಗೆ ಊಟಕ್ಕೆ ಹೋಗಬೇಕಾದರೆ ಮೊದಲು ಪಂಚಾಂಗ ನೋಡಬೇಕಿತ್ತು. ದೇವಸ್ಥಾನದ ಊಟವಲ್ಲ, ಮದುವೆ ಊಟವೂ ಅಲ್ಲ. ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ ರೈಲು ಹಳಿಯ ಆಚೆ, ಒಂದು ಟೈರ್ ಅಂಗಡಿಗೂ ಒಂದು ಔಷಧಿ ಅಂಗಡಿಗೂ ನಡುವೆ ಇದ್ದ ಆರು ಮೇಜಿನ ತೈವಾನೀ ಹೋಟೆಲಿನ ಊಟ. ಅಲ್ಲಿಗೆ ಹೋಗಿ ಅನ್ನ, ತೋಫು ತಿಂದು ಬರುವುದಕ್ಕೆ ತಿಥಿ ಬೇಕಿತ್ತು, ಆ ತಿಥಿ ಎಷ್ಟು ಗಳಿಗೆಯವರೆಗೆ ಇದೆ ಎನ್ನುವುದು ಬೇಕಿತ್ತು, ಅದರ ಮೇಲೆ ಅಪ್ಪನ ತೀರ್ಪು ಬೇಕಿತ್ತು. ಯಾರಿಗಾದರೂ ಹೇಳಿದರೆ ನಗುತ್ತಾರೆ. ನಾನೂ ನಗಿಸುವುದಕ್ಕೆಂದೇ ಹೇಳುತ್ತಿದ್ದೆ. ಅಮ್ಮ ಹೋಗಿ ಏಳು ತಿಂಗಳಾಯಿತು. ಈಗ ಅದೇ ಕಥೆಯನ್ನು ಶುರುಮಾಡಿದರೆ ಅರ್ಧಕ್ಕೇ ನನಗೆ ಸಿಟ್ಟು ಬರುತ್ತದೆ. ಅಪ್ಪನ ಮೇಲೆ, ಅಮ್ಮನ ಮೇಲೆ, ಆ ಪಂಚಾಂಗ ಓದುತ್ತಿದ್ದ ಹುಡುಗಿಯ ಮೇಲೆ. ಓದುತ್ತಿದ್ದವಳು ನಾನೇ.

ಆಗ ನನಗೆ ಹನ್ನೊಂದು ವರ್ಷ, ತಮ್ಮ ಸುಹಾಸನಿಗೆ ಆರು. ಮೈಸೂರು ಬಿಟ್ಟು ಎರಡು ವರ್ಷವಾಗಿತ್ತು. ನಾವು ಬಾಡಿಗೆಗೆ ಹಿಡಿದಿದ್ದ ಮನೆ ಇಟ್ಟಿಗೆಯದು, ಸೂರು ತಗ್ಗು, ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಒಲೆ, ಊಟದ ಮೇಜು, ಟೀವಿ, ಸೋಫಾ ಎಲ್ಲ ಒಂದೇ ಕೋಣೆಯಲ್ಲಿ. ಮಡಿ ಎಲ್ಲಿಗೆ ಮುಗಿಯುತ್ತದೆ, ಮೈಲಿಗೆ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಾಗಲಿ ಅಂತ ಅಪ್ಪ ಅಡ್ಡಲಾಗಿ ಒಂದು ಶವರ್ ಪರದೆ ತಂದು ತೂಗುಹಾಕಿದ್ದರು. ಅದರ ತುಂಬ ನೀಲಿ ಮೀನುಗಳ ಚಿತ್ರ. ಈರುಳ್ಳಿ ಬೆಳ್ಳುಳ್ಳಿಯೂ ಸೇರದ ಮನೆಯೊಳಗೆ ಮೀನು ಹೇಗೆ ಸೇರಿತು ಎಂದು ಅಮ್ಮ ಒಂದೇ ಒಂದು ಸಲ ಕೇಳಿದ್ದಳು. ಡಿಸ್ಕೌಂಟಿನಲ್ಲಿ ಅದೊಂದೇ ಇತ್ತು ಎಂದು ಅಪ್ಪ ಹೇಳಿದ್ದರು. ಒಗ್ಗರಣೆ ಹಾಕಿದಾಗಲೆಲ್ಲ ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ಸಾಸಿವೆ ಸಿಡಿಯುವ ಸದ್ದು ಕೇಳಿದ ಕೂಡಲೇ ಸುಹಾಸ ಕುರ್ಚಿ ಹತ್ತಿ, ಪುಕ್ಕಟೆ ಬರುವ ಪೇಪರನ್ನು ಅದರ ಕೆಳಗೆ ಬೀಸುತ್ತ ನಿಲ್ಲಬೇಕು. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಅದು ಅವನ ಕೆಲಸ. ಪಂಚಾಂಗ ನನ್ನ ಕೆಲಸ. ಉಳಿದದ್ದೆಲ್ಲ ಅಮ್ಮನದು.

ಅಮ್ಮ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟ್, ಟವೆಲ್, ದಿಂಬಿನ ಕವರ್. ಬೆಳಕಾಗುವ ಮೊದಲೇ ಅಪ್ಪನ ಡಬ್ಬ, ನಮ್ಮಿಬ್ಬರ ಡಬ್ಬ ತುಂಬಿಸಿ, ಎರಡು ಬಸ್ಸು ಹಿಡಿದು ಹೋಗುವಳು. ಮಧ್ಯಾಹ್ನ ಮತ್ತೆ ಎರಡು ಬಸ್ಸು ಹಿಡಿದು ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮೀನಿನ ಪರದೆ ಸರಿಸಿ ಒಳಗೆ ಹೋಗುವಳು. ಬಲಗೈಯ ಮಣಿಕಟ್ಟಿಗೆ ಸದಾ ಒಂದು ಕಂದು ಪಟ್ಟಿ. ಅಪ್ಪ ಪಟ್ಟಣದಲ್ಲಿ ಪೈಪು, ಪಂಪುಗಳ ನಕ್ಷೆ ಮಾಡುವ ಇಂಜಿನಿಯರು. ಮೃದು ಸ್ವಭಾವದವರು, ಯಾರಿಗೂ ಕೈಯೆತ್ತಿದವರಲ್ಲ, ದನಿಯನ್ನೂ ಎತ್ತಿದವರಲ್ಲ. ಆದರೆ ಒಂದು ಬಿಸ್ಕತ್ತಿನ ಪ್ಯಾಕೆಟ್ಟು ಕೊಳ್ಳಬೇಕಾದರೆ ಅದರ ಹಿಂದಿನ ಸಣ್ಣಕ್ಷರಗಳನ್ನು ಪೂರ್ತಿ ಓದಿ, ಅದರಲ್ಲಿ ಬೆರೆಸಿದ ಪದಾರ್ಥಗಳ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಮನೆಗೆ ಬಂದು ಹುಡುಕಿ, ಮುಂದಿನ ವಾರ ಕೊಳ್ಳುವವರು. ಚಿಪ್ಸು ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆಂದು ಪತ್ತೆ ಮಾಡಿದರು, ಚಿಪ್ಸು ನಿಂತಿತು. ಚೀಸಿನಲ್ಲಿ ಏನೋ ಇದೆ ಎಂದು ಗೊತ್ತಾಯಿತು, ಪಿಜ್ಜಾ ನಿಂತಿತು. ಹೀಗೆ ಎರಡು ವರ್ಷ ನಾವು ಆ ಊರಲ್ಲಿ ಎಲ್ಲಿಯೂ ಏನೂ ತಿನ್ನಲಿಲ್ಲ. ಅಮ್ಮ ಒಂದು ಹೊತ್ತೂ ಒಲೆ ಹಚ್ಚದೆ ಕಳೆಯಲಿಲ್ಲ ಎನ್ನುವುದು ಇದೇ ಮಾತಿನ ಇನ್ನೊಂದು ಮಗ್ಗುಲು. ಅದು ನನಗೆ ಆಗ ಕಾಣಲಿಲ್ಲ.

ಆ ಹೋಟೆಲನ್ನು ಕಂಡುಹಿಡಿದವಳು ಅಮ್ಮ. ಎರಡನೇ ಬಸ್ಸಿಗಾಗಿ ಕಾಯುವ ಕಟ್ಟೆ ಅದರ ಎದುರಿಗೇ ಇತ್ತು. ಒಂದು ಮಧ್ಯಾಹ್ನ ಅಮ್ಮ ಅಲ್ಲಿ ಕೂತು, ಬೆಳಿಗ್ಗೆ ಕಲೆಸಿಟ್ಟಿದ್ದ ಮೊಸರನ್ನವನ್ನು ತಿನ್ನುತ್ತಿದ್ದಳಂತೆ. ಹೋಟೆಲಿನ ಯಜಮಾನಿ ಬಾಗಿಲಿಗೆ ಬಂದು ನೋಡಿದಳಂತೆ. ಆಮೇಲೆ ಒಂದು ಬಟ್ಟಲು ತಂದು ಕೈಗಿಟ್ಟಳಂತೆ. ಬಿಸಿ ಅನ್ನ, ಅದರ ಮೇಲೆ ಅಣಬೆ, ತೋಫು, ಮೆತ್ತಗೆ ಬೆಂದ ಕಡಲೆಕಾಯಿ ಬೀಜ. ಅಮ್ಮ ತನಗೆ ಬರುವ ಇಂಗ್ಲಿಷಿನಲ್ಲಿ ಬೇಡವೆಂದಳು: ಮಾಂಸವಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯಿಲ್ಲ. ಆಕೆ ಪ್ರತಿಯೊಂದಕ್ಕೂ ತಲೆಯಾಡಿಸಿ, ಕೊನೆಗೆ ಹೇಳಿದಳಂತೆ:

“ಟುಡೇ ಓಕೆ. ಟುಡೇ ಫಿಫ್ಟೀನ್.”

ಆಕೆಯ ಹೆಸರು ಲಿನ್. ತೈವಾನಿನ ದಕ್ಷಿಣದಲ್ಲಿ ತೈನಾನ್ ಎಂಬ ಊರಿನವಳು. ಬೇರೆ ದಿನಗಳಲ್ಲಿ ಆ ಹೋಟೆಲಿನಲ್ಲಿ ಸಣ್ಣಗೆ ಹೆಚ್ಚಿ ಸೋಯಾ ರಸದಲ್ಲಿ ಬೇಯಿಸಿದ ಹಂದಿಮಾಂಸ ಹಾಕಿದ ಅನ್ನ, ದನದ ಮಾಂಸದ ನೂಡಲ್ಸು. ಆದರೆ ಚಾಂದ್ರಮಾನದ ಒಂದನೇ ದಿನ ಮತ್ತು ಹದಿನೈದನೇ ದಿನ ಆಕೆ ಪಾತ್ರೆಗಳನ್ನೆಲ್ಲ ಉಜ್ಜಿ ತೊಳೆದು ಸಸ್ಯಾಹಾರ ಮಾತ್ರ ಮಾಡುತ್ತಿದ್ದಳು. ತಾಯಿಯ ಹರಕೆಯಂತೆ, ಮಗಳು ಮುಂದುವರಿಸಿದ್ದಳು. ಆ ದಿನಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಅದೇ ಜಾತಿಯ ಸೊಪ್ಪುಗಳು ಯಾವುದೂ ಒಳಗೆ ಬರುವಂತಿಲ್ಲ. ಬಾಗಿಲಿಗೆ ಒಂದು ಹಸಿರು ಕಾಗದ ಅಂಟಿಸುತ್ತಿದ್ದಳು. ಮೈಸೂರಿನಲ್ಲಿ ಮಡಿ ಎನ್ನುತ್ತಿದ್ದ ನಮ್ಮ ಎಷ್ಟೋ ನೆಂಟರಿಗಿಂತ ಆಕೆಯದು ಬಿಗಿ.

ಅಮ್ಮ ಮನೆಗೆ ಬಂದು ಹೇಳಿದಾಗ ಅವಳ ಮುಖ ಹೇಗಿತ್ತು ಎಂಬುದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಮುಖವನ್ನು ನಾನು ಆಮೇಲೆ ಬಹಳ ಸಲ ನೋಡಲಿಲ್ಲ. ಕಂಡುಹಿಡಿದವಳು ಅಮ್ಮ, ವಹಿಸಿಕೊಂಡವರು ಅಪ್ಪ. ಮುಂದಿನ ಹುಣ್ಣಿಮೆಗೆ ನಾವು ನಾಲ್ವರೂ ಕಾರಿನಲ್ಲಿ ಹೋದೆವು. ಅಪ್ಪ ಕೂತುಕೊಳ್ಳುವ ಮೊದಲೇ ಶುರುಮಾಡಿದರು.

“ಎಣ್ಣೆ ಯಾವುದು?”

“ಸೋಯಾ ಬೀನ್.”

“ಸಾಸಲ್ಲಿ ಮೀನು ಇದೆಯಾ? ಆಯ್ಸ್ಟರ್?”

“ನೋ. ಟುಡೇ ಫಿಫ್ಟೀನ್.”

“ಸೌಟು ಬೇರೆಯಾ?”

“ಎವ್ರಿಥಿಂಗ್ ವಾಷ್. ಯು ವಾಂಟ್ ಸೀ ಕಿಚನ್?”

ಅಪ್ಪ ನಿಜವಾಗಿಯೂ ಎದ್ದು ಅಡುಗೆಮನೆ ನೋಡಲು ಹೋದರು. ಕನ್ನಡಕ ಹಾಕಿಕೊಂಡು ಬಾಟಲಿಗಳ ಚೀಟಿ ಓದಿದರು. ಅಷ್ಟು ಹೊತ್ತೂ ಅಮ್ಮ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೋ ಅಡುಗೆ ಮಾಡುತ್ತಿರುವಾಗ ತಾನು ಏನು ಮಾಡಬೇಕೆಂದು ಅವಳ ಕೈಗಳಿಗೆ ತಿಳಿಯಲಿಲ್ಲ. ಡಬ್ಬದಲ್ಲಿದ್ದ ಕಾಗದದ ನ್ಯಾಪ್‌ಕಿನ್ನುಗಳನ್ನು ಒಂದೊಂದಾಗಿ ತೆಗೆದು, ಮೂಲೆಗೆ ಮೂಲೆ ಕೂಡಿಸಿ, ಆಸ್ಪತ್ರೆಯ ಬೆಡ್‌ಶೀಟ್ ಮಡಿಸಿದ ಹಾಗೆ ಮಡಿಸಿ ಪೇರಿಸಿದಳು. ಊಟ ಬಂತು. ಮೂಲಂಗಿಯ ದಪ್ಪ ದೋಸೆಯಂಥದ್ದು, ಚಕ್ಕೆ ಮೊಗ್ಗಿನ ಪರಿಮಳದ ಕಂದು ರಸದಲ್ಲಿ ತೋಫು, ಗೆಣಸಿನ ಎಲೆಯ ಪಲ್ಯ. ಹೊಗೆಯಾಡುವ ಅನ್ನವನ್ನು ಅಮ್ಮ ಕೂತುಕೊಂಡು, ನಮ್ಮ ಜೊತೆಯಲ್ಲೇ, ನಾವು ತಿನ್ನುವ ಹೊತ್ತಿಗೇ ತಿಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಮನೆಯಲ್ಲಿ ಅವಳು ಎಲ್ಲರದೂ ಆದ ಮೇಲೆ ಕಟ್ಟೆಗೆ ಒರಗಿ ನಿಂತುಕೊಂಡು, ಬಾಣಲೆಯಲ್ಲಿ ಉಳಿದದ್ದಕ್ಕೆ ಅನ್ನ ಕಲೆಸಿ ಮುಗಿಸುತ್ತಿದ್ದಳು.

ತಿಂಗಳಿಗೆ ಎರಡು ಸಲ ಎಂದು ಗೊತ್ತಾಯಿತು. ಅಮ್ಮನಿಗೆ ತಿಂಗಳಿಗೆ ಎರಡು ಸಾಯಂಕಾಲ. ಇಷ್ಟು ಸರಳವಾದ ವಿಷಯವನ್ನು ನಮ್ಮ ಮನೆ ಕೆಡಿಸಿದ ರೀತಿ ನೋಡಿ. ಹದಿನೈದನೇ ದಿನವೆಂದರೆ ಹುಣ್ಣಿಮೆ, ಸರಿ. ಕೆಲವು ತಿಂಗಳು ಲೆಕ್ಕ ಕೂಡುತ್ತಿತ್ತು. ಒಂದನೇ ದಿನ? ಅಪ್ಪ ಯೋಚನೆಯನ್ನೇ ಮಾಡಲಿಲ್ಲ. ತಿಂಗಳ ಒಂದನೇ ದಿನ ಎಂದರೆ ಪಾಡ್ಯ, ಅಮಾವಾಸ್ಯೆಯ ಮಾರನೆಯ ದಿನ, ಇದರಲ್ಲಿ ಕೇಳುವುದೇನಿದೆ? ಮೈಸೂರಿನಿಂದ ಅತ್ತೆ ಅಂಚೆಯಲ್ಲಿ ಕಳಿಸುತ್ತಿದ್ದ ಪಂಚಾಂಗವನ್ನು ನಾನು ತೆಗೆದು ಪಾಡ್ಯ ಯಾವಾಗ ಎಂದು ಗಟ್ಟಿಯಾಗಿ ಓದುವುದು, ಅಪ್ಪ ಅದಕ್ಕೆ ಪರ್ತ್‌ನ ಎರಡೂವರೆ ಗಂಟೆ ಸೇರಿಸುವುದು, ನಾವು ಹೋಗುವುದು. ಹೋದರೆ ಹಸಿರು ಕಾಗದ ಇರುತ್ತಿರಲಿಲ್ಲ. ಬಾಗಿಲು ತೆಗೆದ ಕೂಡಲೇ ಹಂದಿಮಾಂಸ ಬೇಯುವ ವಾಸನೆ. ಲಿನ್ ಆಂಟಿ ಗಲ್ಲಾದ ಹಿಂದಿನಿಂದ ಕೈಯಾಡಿಸುವಳು:

“ಯೆಸ್ಟರ್ಡೇ! ಯೆಸ್ಟರ್ಡೇ!”

ಅಪ್ಪ ಗಂಭೀರವಾಗಿ ತಲೆಯಾಡಿಸಿ ಕಾರಿಗೆ ವಾಪಸು ಬರುವರು. “ಈ ತಿಂಗಳು ಅವರದು ಒಂದು ದಿನ ಹೆಚ್ಚುಕಮ್ಮಿ ಆಗಿದೆ,” ಎನ್ನುವರು, ಚಂದ್ರನ ವಿಚಾರದಲ್ಲಿ ಆಕೆ ಅಜಾಗರೂಕಳು ಎನ್ನುವ ಹಾಗೆ. ಸುಹಾಸ ಹಿಂದಿನ ಸೀಟಿನಲ್ಲಿ “ಐ ಆಮ್ ಸ್ಟಾರ್ವಿಂಗ್” ಎಂದು ರಾಗ ಎಳೆಯುವನು.

“ಮೆನು ಕಾರ್ಡಲ್ಲೇ ನಂಬರಿದೆಯಲ್ಲ, ಒಂದು ಫೋನ್ ಮಾಡಿ ಕೇಳಿದ್ರೆ ಆಗ್ತಿರ್ಲಿಲ್ವಾ?” ಅಮ್ಮ ಒಂದು ಸಲ ಕೇಳಿದಳು.

“ಚಂದ್ರ ಯಾವತ್ತು ಅಂತ ಕೇಳೋಕೆ ಫೋನ್ ಬೇಕೇನೇ?” ಅಪ್ಪ ನಕ್ಕರು. “ಬಿಡು, ಮನೆಗೆ ಹೋಗಿ ಅವಲಕ್ಕಿಗೆ ಒಂದು ಒಗ್ಗರಣೆ ಕೊಟ್ರೆ ಐದು ನಿಮಿಷ.”

ಅಮ್ಮ ಕಿಟಕಿಯ ಕಡೆ ತಿರುಗಿ ಕೂತಳು. ಮನೆಗೆ ಹೋದೆವು, ಪರದೆ ಸರಿಯಿತು, ಸಾಸಿವೆ ಸಿಡಿಯಿತು, ಅಲಾರಂ ಕಿರುಚಿತು, ಸುಹಾಸ ಕುರ್ಚಿ ಹತ್ತಿದ.

ಲಿನ್ ಆಂಟಿಯ ಗಲ್ಲಾದ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ದೊಡ್ಡ ಅಂಕಿಯ ಕೆಳಗೆ ಸಣ್ಣದಾಗಿ ಅವರ ತಿಂಗಳ ದಿನ. ಒಂದು ಹುಣ್ಣಿಮೆಯಂದು ಅಪ್ಪ ಕೈತೊಳೆಯಲು ಹೋದಾಗ ನಾನು ಆಕೆಯನ್ನು ಕೇಳಿ, ಮುಂದಿನ ಹಾಳೆಗಳನ್ನು ಮೆಲ್ಲಗೆ ಎತ್ತಿ ನೋಡಿದೆ. ಒಂದನೇ ದಿನದ ತಾರೀಖನ್ನು ಅಂಗೈಯಲ್ಲಿ ಬರೆದುಕೊಂಡು ಬಂದೆ. ಮನೆಯಲ್ಲಿ ಪಂಚಾಂಗ ತೆಗೆದು ನೋಡಿದರೆ ಅದು ಅಮಾವಾಸ್ಯೆ. ಹಿಂದಿನ ತಿಂಗಳ ಲೆಕ್ಕ ಹಾಕಿದೆ; ಅದೂ ಅಮಾವಾಸ್ಯೆ. ಆಕೆಯ ತಿಂಗಳು ನಮ್ಮ ಅಮಾವಾಸ್ಯೆಯ ದಿನವೇ ಶುರುವಾಗುತ್ತಿತ್ತು, ಅಷ್ಟೆ. ಹನ್ನೊಂದು ವರ್ಷದ ಹುಡುಗಿಗೆ ಹತ್ತು ನಿಮಿಷದಲ್ಲಿ ತಿಳಿದ ವಿಷಯ. ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಶರ್ಟಿಗೆ ಇಸ್ತ್ರಿ ಮಾಡುತ್ತಿದ್ದರು.

“ಅಮಾವಾಸ್ಯೆ ದಿನ ಯಾರಾದ್ರೂ ತಿಂಗಳು ಶುರು ಮಾಡ್ತಾರಾ ಪುಟ್ಟಿ?”

“ಅವರು ಮಾಡ್ತಾರೆ ಅಪ್ಪ. ನಾನು ನೋಡ್ದೆ.”

“ಹಾಗಾದ್ರೆ ನಮ್ಮ ಪಂಚಾಂಗ ತಪ್ಪು ಅಂತೀಯಾ?”

ಅವರು ಸಿಟ್ಟಿನಿಂದ ಕೇಳಲಿಲ್ಲ. ನಗುತ್ತಲೇ ಕೇಳಿದರು. ಸ್ನೇಹಿತರು ಬಂದಾಗ “ನಮ್ಮ ಮಗಳು ಆಸ್ಟ್ರೇಲಿಯಾದಲ್ಲಿ ಕೂತು ತಿಥಿ ನಕ್ಷತ್ರ ಹೇಳ್ತಾಳೆ ನೋಡಿ” ಎಂದು ಹೇಳಿಕೊಳ್ಳುತ್ತಿದ್ದ ಅದೇ ಮುಖ. ಅಮಾವಾಸ್ಯೆಯ ದಿನ ಅಪ್ಪ ತರ್ಪಣ ಬಿಡುತ್ತಿದ್ದರು, ರಾತ್ರಿ ಅನ್ನ ಮುಟ್ಟುತ್ತಿರಲಿಲ್ಲ, ಹಣ್ಣು ಹಾಲು ಮಾತ್ರ. ಒಂದನೇ ದಿನ ಅಮಾವಾಸ್ಯೆಯೇ ಎಂದು ಒಪ್ಪಿಕೊಂಡರೆ ಆ ಊಟ ಅವರಿಗೆ ಎಂದೆಂದಿಗೂ ಇಲ್ಲ. ಅವರಿಗಿಲ್ಲದ ಊಟ ನಮಗೆ ಇರಬಹುದು ಎನ್ನುವುದು ಆ ಮನೆಯಲ್ಲಿ ಯಾರ ತಲೆಗೂ ಬರುವಂಥದ್ದಲ್ಲ. ನಾನು ಹೇಳಿದೆ:

“ಇಲ್ಲಪ್ಪ. ನಾನೇ ತಪ್ಪು ನೋಡಿರಬೇಕು.”

ಮುಂದಿನ ತಿಂಗಳೂ ಪಾಡ್ಯವನ್ನೇ ಓದಿದೆ. ಅದರ ಮುಂದಿನ ತಿಂಗಳೂ. ಗೊತ್ತಿದ್ದೂ ಓದಿದೆ. ಅಮ್ಮ ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು, ಮಣಿಕಟ್ಟಿನ ಪಟ್ಟಿ ಬಿಚ್ಚಿಟ್ಟು ಕಾರು ಹತ್ತುವಳು. ನಾನು ಸೀಟ್‌ಬೆಲ್ಟ್ ಹಾಕಿಕೊಂಡು ಸುಮ್ಮನೆ ಕೂರುವೆ. ಅಪ್ಪ ಬೇಸತ್ತು ಕೊನೆಗೊಂದು ಸಲ ಲಿನ್ ಆಂಟಿಗೇ ಸಲಹೆ ಕೊಟ್ಟರು: ಹೇಗೂ ಹರಕೆಯೇ ತಾನೆ, ಅದನ್ನು ಒಂದು ದಿನ ಮುಂದಕ್ಕೆ ಹಾಕಿಕೊಂಡರೆ ಇಂಡಿಯನ್ ಗಿರಾಕಿಗಳಿಗೆಲ್ಲ ಅನುಕೂಲ. ನಾಚಿಕೆಯಿಂದ ನಾನು ಟೇಬಲ್ ಮೇಲಿದ್ದ ಸೋಯಾ ಬಾಟಲಿಯ ಮುಚ್ಚಳವನ್ನೇ ನೋಡುತ್ತಿದ್ದೆ. ಲಿನ್ ಆಂಟಿ “ಮೈ ಮದರ್ ಡೆಡ್. ಹೌ ಐ ಆಸ್ಕ್?” ಎಂದಳು. ಅಪ್ಪನಿಗೆ ಅದು ನ್ಯಾಯವೆನಿಸಿತು. ತರ್ಪಣ ಬಿಡುವವರಿಗೆ ಅನಿಸಲೇಬೇಕು. ಆದರೂ ಮುಂದಿನ ಪಾಡ್ಯಕ್ಕೆ ಮತ್ತೆ ಕಾರು ತೆಗೆದರು, ಈ ತಿಂಗಳು ಸರಿಹೋಗಬಹುದು ಎಂದು.

ಅದು ಚಳಿಗಾಲ. ಆರು ಗಂಟೆಗೇ ಕತ್ತಲಾಗಿತ್ತು. ಅವತ್ತು ಲಾಂಡ್ರಿಯಲ್ಲಿ ಇಬ್ಬರು ಬಂದಿರಲಿಲ್ಲವಂತೆ, ಅವರ ಪಾಲಿನದೂ ಅಮ್ಮನೇ ಮಡಿಸಿದ್ದಳಂತೆ. ಕಾರಿನಲ್ಲಿ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಹೋಟೆಲಿನ ಬಾಗಿಲಿಗೆ ಹಸಿರು ಕಾಗದ ಇರಲಿಲ್ಲ. ಅಪ್ಪ ಆದರೂ ಒಳಗೆ ಹೋದರು, ಹಿಂದೆಯೇ ನಾವು. ಒಂದು ಮೇಜಿನಲ್ಲಿ ಇಬ್ಬರು ಹುಡುಗರು ನೂಡಲ್ಸು ಹೀರುತ್ತಿದ್ದರು. ಲಿನ್ ಆಂಟಿ ಈ ಸಲ ಕೈಯನ್ನೂ ಆಡಿಸಲಿಲ್ಲ, ನಿಟ್ಟುಸಿರು ಬಿಟ್ಟಳು.

“ಸರಿ, ನಡೀರಿ,” ಎಂದರು ಅಪ್ಪ. “ಅವಲಕ್ಕಿ ಇದೆಯಲ್ಲ, ಐದು ನಿಮಿಷ.”

ಅಮ್ಮ ಹತ್ತಿರದ ಕುರ್ಚಿ ಎಳೆದು ಕೂತುಬಿಟ್ಟಳು.

“ಏನಾಯ್ತೇ? ಇವತ್ತು ಇಲ್ವಂತೆ.”

“ಕೇಳಿಸ್ತು. ನೀವು ಹೋಗಿ. ನಾನು ಊಟ ಮಾಡ್ಕೊಂಡು ಬರ್ತೀನಿ.”

“ಇಲ್ಲೇನು ಊಟ ಮಾಡ್ತೀಯ? ಹಂದೀನಾ?”

“ಏನಿದೆಯೋ ಅದು. ನೀರು ಕೊಟ್ರೂ ಕುಡ್ಕೊಂಡು ಬರ್ತೀನಿ. ಇವತ್ತು ನಾನು ಆ ಒಲೆ ಹಚ್ಚಲ್ಲ.”

ಅಮ್ಮ ಹಾಗೆ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅಪ್ಪ ಸುತ್ತ ನೋಡಿದರು. ಹುಡುಗರು ನೂಡಲ್ಸು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. “ಮಕ್ಕಳ ಮುಂದೆ ಇದೇನು ಇದು,” ಎಂದು ಅಪ್ಪ ಮೆಲ್ಲಗೆ ಹೇಳಿದರು, ಆಮೇಲೆ, “ನಾನು ಕಾರಲ್ಲಿರ್ತೀನಿ. ಬರೋರು ಬನ್ನಿ,” ಎಂದು ಹೊರಗೆ ನಡೆದರು. ಸುಹಾಸ ಆಗಲೇ ಅಮ್ಮನ ಪಕ್ಕದ ಕುರ್ಚಿ ಹತ್ತಿ ಕಾಲು ಆಡಿಸುತ್ತಿದ್ದ. ಅವನಿಗೆ ಹಸಿವು, ಅಷ್ಟೇ ಅವನ ಧರ್ಮ. ಅಮ್ಮ ನನ್ನ ಕಡೆ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪಾಡ್ಯ ಓದಿದವಳು ನಾನು. ಅಮ್ಮನ ಎದುರು ಕೂತು ಅವಳ ಮುಖ ನೋಡುವುದಕ್ಕಿಂತ ಅಪ್ಪನ ಪಕ್ಕ ಕತ್ತಲಲ್ಲಿ ಕೂರುವುದು ಸುಲಭವಾಗಿತ್ತು. ಹೊರಗೆ ಹೋದೆ.

ಕಾರಿನಿಂದ ಹೋಟೆಲಿನ ಗಾಜು ನೇರ ಕಾಣುತ್ತಿತ್ತು. ಲಿನ್ ಆಂಟಿ ಬಂದು ಅಮ್ಮನ ಹತ್ತಿರ ಬಗ್ಗಿ ಏನೋ ಕೇಳಿದಳು, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಪಾತ್ರೆಯನ್ನೇ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟಳು. ಆಮೇಲೆ ಮೂರು ನಾಲ್ಕು ಸಣ್ಣ ತಟ್ಟೆಗಳು. ಅದು ಹೋಟೆಲಿನ ಪಟ್ಟಿಯಲ್ಲಿ ಇದ್ದದ್ದಲ್ಲ. ತನಗಾಗಿ ಮಾಡಿಟ್ಟುಕೊಂಡ ರಾತ್ರಿಯೂಟ ಎಂದು ಆಮೇಲೆ ತಿಳಿಯಿತು: ಗೆಣಸಿನ ಹೋಳು ಹಾಕಿ ಬೇಯಿಸಿದ ತೆಳ್ಳನೆಯ ಗಂಜಿ, ಜೊತೆಗೆ ಉಪ್ಪಿನಲ್ಲಿ ಹಾಕಿದ ಸೌತೆ, ಹುರಿದ ಕಡಲೆಕಾಯಿ ಬೀಜ, ಹುಳಿಬಂದ ತೋಫುವಿನ ಒಂದು ಚೂರು. ಅಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಿನ್ನುವುದಕ್ಕಲ್ಲ, ಸುಮ್ಮನೆ, ಮಣಿಕಟ್ಟಿಗೆ ಶಾಖ ತಗಲುವ ಹಾಗೆ.

“ಏನು ತಿಂತಿದ್ದಾಳೆ ನೋಡು,” ಅಪ್ಪ ಕೇಳಿದರು. ಅವರು ಬೇಕೆಂದೇ ಆ ಕಡೆ ನೋಡುತ್ತ ಇರಲಿಲ್ಲ.

“ಗಂಜಿ ಅನ್ಸುತ್ತೆ.”

“ಗಂಜಿನಾ?” ಅಪ್ಪನಿಗೆ ನಿಜವಾಗಿ ನೋವಾಯಿತು. “ಜ್ವರ ಬಂದವರ ಹಾಗೆ ಗಂಜಿ ಕುಡಿಯೋಕೆ ಹೋಟೆಲಿಗೆ ಬರಬೇಕಾ? ಮನೇಲಿ ನಾನು ಏನು ಕಮ್ಮಿ ಮಾಡಿದೀನಿ?”

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅಪ್ಪ ಹೀಟರ್ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಅಮ್ಮ ಎರಡನೇ ಬಟ್ಟಲು ಹಾಕಿಸಿಕೊಂಡಳು. ಸುಹಾಸ ಬೆರಳಿನಿಂದ ಗೆಣಸಿನ ಹೋಳು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮೂರನೆಯದನ್ನೂ ಹಾಕಿಸಿಕೊಂಡಳು. ಅವಸರವೇ ಇರಲಿಲ್ಲ ಅವಳಿಗೆ. ಬಂದು ಕಾರು ಹತ್ತಿದಳು. ಮನೆಗೆ ಹೋದ ಮೇಲೆ ನೇರ ಹೋಗಿ ಮಲಗಿದಳು. ಮೀನಿನ ಪರದೆಯ ಈಚೆ ಅಪ್ಪ, ನಾನು ನಿಂತಿದ್ದೆವು. ಅವಲಕ್ಕಿಗೆ ಒಗ್ಗರಣೆ ಹಾಕಿದವಳು ನಾನು. ಐದು ನಿಮಿಷವಲ್ಲ, ಮುಕ್ಕಾಲು ಗಂಟೆ ಹಿಡಿಯಿತು. ಕರಿಬೇವು ಎಲ್ಲಿದೆ, ಅವಲಕ್ಕಿ ಎಷ್ಟು ನೆನೆಸಬೇಕು, ಅರಿಶಿನ ಮೊದಲೋ ಆಮೇಲೋ, ಒಂದೂ ಗೊತ್ತಿರಲಿಲ್ಲ. ಅಲಾರಂ ಕಿರುಚಿದಾಗ ಪೇಪರ್ ಬೀಸಲು ಅಪ್ಪನೇ ಕುರ್ಚಿ ಹತ್ತಿದರು. “ಚೆನ್ನಾಗಿದೆ ಪುಟ್ಟಿ,” ಎಂದು ತಿಂದರು. ಉಪ್ಪೇ ಹಾಕಿರಲಿಲ್ಲ.

ಆಮೇಲೆ ಪಂಚಾಂಗ ನೋಡಿ ಹೊರಡುವುದು ನಿಂತುಹೋಯಿತು. ಗಂಜಿಗೆ ತಿಥಿ ಬೇಕಿರಲಿಲ್ಲ. ಅದು ಆಕೆಯ ಮನೆಯಡುಗೆ, ಕೇಳಿದ ದಿನ ಸಿಗುತ್ತಿತ್ತು. ಅಮ್ಮ ಶುಕ್ರವಾರಗಳನ್ನು ಆರಿಸಿಕೊಂಡಳು. ಐದೂವರೆಗೆ ಸುಹಾಸನ ಕೈಹಿಡಿದು, ರೈಲು ಹಳಿಯ ಮೇಲಿನ ಸೇತುವೆ ದಾಟಿ ನಡೆದೇ ಹೋಗುವಳು. ಹೋಗುವ ಮೊದಲು ಬಾಗಿಲಲ್ಲಿ ನಿಂತು ನನ್ನನ್ನು ಕೇಳುವಳು:

“ಬರ್ತೀಯೇನೇ?”

“ಅಪ್ಪಂಗೆ ಯಾರು ಬಡಿಸ್ತಾರೆ?”

ಬಾಗಿಲು ಹಾಕಿಕೊಳ್ಳುವ ಸದ್ದು. ಆರೂಕಾಲಿಗೆ ಅಪ್ಪ ಬರುವರು, ನಾನು ಬಡಿಸುವೆ. ಹನ್ನೆರಡನೇ ವರ್ಷಕ್ಕೆ ಅವಲಕ್ಕಿ, ಹದಿಮೂರಕ್ಕೆ ಚಪಾತಿ, ಹದಿನಾಲ್ಕಕ್ಕೆ ಹುಳಿ. ಸ್ಕೂಲಿನ ಹುಡುಗಿಯರು ಶುಕ್ರವಾರ ಸಾಯಂಕಾಲ ಸಿನಿಮಾಕ್ಕೋ ಮಾಲಿಗೋ ಹೋಗುವಾಗ ನಾನು ಹಿಟ್ಟು ಕಲೆಸುತ್ತಿದ್ದೆ. ಅಮ್ಮ ಹೋಗುವ ಮೊದಲು ಒಂದು ಸಾರಾದರೂ ಮಾಡಿಟ್ಟು ಹೋಗಬಾರದೇ ಎಂದು ಮೈಯೆಲ್ಲ ಉರಿಯುತ್ತಿತ್ತು. ಎಂದೂ ಮಾಡಿಡಲಿಲ್ಲ. ವಾಪಸು ಬಂದಾಗ ಅವಳ ಮುಖ ತಿಳಿಯಾಗಿರುತ್ತಿತ್ತು. ಅದು ನನ್ನನ್ನು ಇನ್ನೂ ಕೆರಳಿಸುತ್ತಿತ್ತು. ಅಲ್ಲಿ ಏನು ತಿಂದೆ, ಏನು ಮಾತಾಡಿದೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇದು ವಾರವಲ್ಲ, ತಿಂಗಳಲ್ಲ. ನಾನು ಓದು ಮುಗಿಸಿ ಕೆಲಸ ಹಿಡಿದು ಅಡಿಲೇಡ್‌ಗೆ ಹೊರಡುವವರೆಗೂ ನಡೆಯಿತು. ಅಪ್ಪನ ಪಕ್ಷ ವಹಿಸುವವಳು, ಜವಾಬ್ದಾರಿಯ ಹುಡುಗಿ, ಒಳಗೊಳಗೇ ಗೊಣಗುವವಳು ಎಂದು ನನ್ನ ಬಗ್ಗೆ ಯಾರು ಏನು ಹೇಳಿದರೂ ಅದೆಲ್ಲ ಆ ಶುಕ್ರವಾರಗಳಲ್ಲಿ ತಯಾರಾದದ್ದು.

ಕೊನೆಯ ವರ್ಷಗಳಲ್ಲಿ ಅಪ್ಪ ಅಮ್ಮ ಪರ್ತ್‌ನಲ್ಲೇ ಹ್ಯಾರಿಸ್‌ಡೇಲ್ ಎಂಬ ಕಡೆ ಸ್ವಂತ ಮನೆ ಮಾಡಿಕೊಂಡಿದ್ದರು. ಅಮ್ಮನಿಗೆ ಕಾಯಿಲೆ ಎಂದು ತಿಳಿದ ಮೇಲೆ ಮೂರು ತಿಂಗಳಿಗೆ ಎಲ್ಲ ಮುಗಿಯಿತು. ಈಗ ಅಪ್ಪ ಅಡಿಲೇಡ್‌ನ ಮಾಡ್ಬರಿಯಲ್ಲಿ ನನ್ನ ಮನೆಯಲ್ಲಿದ್ದಾರೆ. ಸುಹಾಸ ಬ್ರಿಸ್ಬೇನ್‌ನಲ್ಲಿ. ಪ್ರತಿ ತಿಂಗಳು ಅಮ್ಮನ ಮಾಸಿಕ ಶ್ರಾದ್ಧಕ್ಕೂ ಮೊದಲು ನಮ್ಮಲ್ಲಿ ಜಗಳ. ತಿಥಿಯನ್ನು ಅಮ್ಮ ಹೋದ ಪರ್ತ್‌ನ ಸೂರ್ಯೋದಯಕ್ಕೆ ನೋಡಬೇಕೋ, ಅಪ್ಪ ಇರುವ ಅಡಿಲೇಡ್‌ನದಕ್ಕೋ, ಮಾಡುವವನು ಮಗನಾದ್ದರಿಂದ ಬ್ರಿಸ್ಬೇನ್‌ನದಕ್ಕೋ. ಅಪ್ಪ ಮೂರೂ ಊರಿನ ಲೆಕ್ಕವನ್ನು ಮೂರು ಕಾಗದದಲ್ಲಿ ಹಾಕಿ, ಮೂರನ್ನೂ ಸರಿಯಲ್ಲವೆಂದು ತಿರಸ್ಕರಿಸಿ, ಮೈಸೂರಿಗೆ ಕೇಳಬೇಕು ಎನ್ನುತ್ತಾರೆ. ಹೋದ ತಿಂಗಳು ಫೋನಿನಲ್ಲಿ ಸುಹಾಸನಿಗೆ ರೇಗಿತು.

“ಅಕ್ಕ, ಐ ಕಾಂಟ್ ಡೂ ದಿಸ್ ಎವ್ರಿ ಮಂತ್. ಡೇಟ್ ಹೇಳು ಸಾಕು. ಲೀವ್ ಹಾಕ್ಬೇಕು ನಾನು.”

ನನಗೂ ರೇಗಿತ್ತು. ಯಾವತ್ತೂ ಅಮ್ಮನ ಮಗ್ಗುಲಲ್ಲಿ ಕೂತು ತಿಂದವನು ನೀನು, ತಿಥಿ ನೋಡಿಕೊಂಡು ಸತ್ತವಳು ನಾನು ಎಂದುಬಿಟ್ಟೆ. ಆಮೇಲೆ ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದೆ:

“ಅಲ್ಲಿ ಏನು ಮಾತಾಡ್ತಿದ್ಲೋ ಅಮ್ಮ?”

“ನಥಿಂಗ್. ಲಿಟ್ರಲಿ ನಥಿಂಗ್. ಶಿ ಜಸ್ಟ್ ಏಟ್. ನಾನು ಹೋಮ್‌ವರ್ಕ್ ಮಾಡ್ತಿದ್ದೆ.” ಆಮೇಲೆ ಸೇರಿಸಿದ: “ಒಂದ್ಸಲ ಐ ಆಸ್ಕ್ಡ್ ಹರ್, ಅಕ್ಕ ಯಾಕೆ ಬರಲ್ಲ ಅಂತ.”

“ಏನಂದ್ಲು?”

“‘ಅವಳು ಮನೇಲಿದ್ದಾಳೆ ಅಂತಲೇ ಕಣೋ ನಾನಿಲ್ಲಿ ಕೂತಿರೋದು.’”

ಇನ್ನೊಂದು ಸಲ ಹೇಳು ಎಂದೆ. ಹೇಳಿದ. ಅವನ ಳಕಾರಗಳೆಲ್ಲ ಲಕಾರವಾಗಿವೆ, ಆದರೆ ಮಾತು ಅಮ್ಮನದೇ. ಅಂಥ ಕನ್ನಡದ ವಾಕ್ಯವನ್ನು ಅವನು ತಾನೇ ಕಟ್ಟಲಾರ. ಡೇಟ್ ಮೆಸೇಜ್ ಮಾಡ್ತೀನಿ ಎಂದು ಫೋನ್ ಇಟ್ಟೆ.

ಸಮಾಧಾನವಾಗಬೇಕಿತ್ತು. ಮೊದಲು ಬಂದದ್ದು ಸಿಟ್ಟೇ. ಇದನ್ನು ಆರು ವರ್ಷದ, ಏಳು ವರ್ಷದ ಹುಡುಗನಿಗೆ ಹೇಳಿದಳು, ನನಗೆ ಹೇಳಲಿಲ್ಲ. ನಾನು ಇರದಿದ್ದರೆ ಅಪ್ಪ ಒಬ್ಬರೇ ಹಸಿದು ಕೂರುತ್ತಾರೆಂಬ ಯೋಚನೆಯಲ್ಲಿ ಗಂಜಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಮೇಜಿಗೆ ನಾನು ಬರುವುದಲ್ಲ, ಬಾರದಿರುವುದು ಅವಳಿಗೆ ಬೇಕಾಗಿತ್ತು. ಹಾಗಿದ್ದ ಮೇಲೆ ಬಾಗಿಲಲ್ಲಿ ನಿಂತು ಕೇಳುವುದಾದರೂ ಯಾಕೆ? ಕೇಳದೆ ಹೋಗಿದ್ದರೆ ಅವಳಿಗೆ ಏನೂ ಅಪಾಯವಿರಲಿಲ್ಲ. ಯಾವುದೋ ಒಂದು ಶುಕ್ರವಾರ ಹಿಟ್ಟಿನ ಕೈಯಲ್ಲೇ ನಾನು “ಹೂಂ, ಬರ್ತೀನಿ, ನೀನಿರು” ಎಂದಿದ್ದರೆ ಅವಳು ಮರುಮಾತಿಲ್ಲದೆ ಚಪ್ಪಲಿ ಬಿಟ್ಟು, ನನ್ನನ್ನು ಸುಹಾಸನ ಜೊತೆ ಕಳಿಸಿ, ಪರದೆ ಸರಿಸಿ ಒಳಗೆ ಹೋಗುತ್ತಿದ್ದಳು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆ ವಾರದ ಅವಳ ಊಟ ಅಲ್ಲಿಗೆ ಮುಗಿಯುತ್ತಿತ್ತು. ಅದು ಗೊತ್ತಿದ್ದೂ, ಒಂದು ಶುಕ್ರವಾರವೂ ತಪ್ಪಿಸದೆ, ಕೇಳಿಯೇ ಹೋಗುತ್ತಿದ್ದಳು.